ಅಪ್‌ಡೇಟ್: ಬೇಲಿಗೆ ಕೊನೆಗೂ ಮದರಂಗಿ

ಬಯಲುಸೀಮೆಯ ಕೆಂಪು ಮಣ್ಣು, ನೀರು ಕಮ್ಮಿ, ಕೈತೋಟಕ್ಕೆ ಯಾವ ಗಿಡದ ಬೇಲಿ ಅಂತ ಈ ಹಿಂದೆ ಕೇಳಿದ್ದೆ; ಮದರಂಗಿ ಹಾಕಿ ಅಂದವರ ಮಾತೇ ಫಲಿಸಿತು. 1 ಅಡಿ ಆಳ ತೋಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಪೆನ್ಸಿಲ್ ದಪ್ಪದ 8 ಇಂಚಿನ ಕಡ್ಡಿಗಳನ್ನು 2 ಸಾಲಲ್ಲಿ, ಒಂದರ ಸಂದಿಗೆ ಇನ್ನೊಂದು ಬರುವಂತೆ, ಅಡಿಗೊಂದರಂತೆ ನೆಟ್ಟಿದ್ದು, ಹೆಚ್ಚಿನವು ಚಿಗುರಿವೆ. ನೀರು ನಿಲ್ಲುವ ಮೂಲೆಯವು ಮಾತ್ರ ಕೊಳೆತವು, ಅಲ್ಲಿ ಮಣ್ಣು ಏರಿಸಿಯೇ ನೆಡಬೇಕು.

ದಾಸವಾಳದ ಬೇಲಿ ಕೈಗೂಡಲಿಲ್ಲ: ಎಳೆ ಚಿಗುರಿಗೆಲ್ಲ ಹಿಟ್ಟುತಿಗಣೆ (ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ, ರಸ ಹೀರುವ ಕೀಟ), ಉಳಿದದ್ದು ಮೇಕೆ ಬಾಯಿಗೆ.

ಹೊಸದಾಗಿ ತಿಳಿದದ್ದು: ಬೇಲಿಗೆ ಹಾಕುವ ಕಾಮಿನಿ (ಘಮಘಮಿಸುವ ಬಿಳಿ ಹೂವಿನ ಗಿಡ) ಸಿಲ್ಲಿಡ್ ಎಂಬ ರಸ ಹೀರುವ ಪುಟ್ಟ ಕೀಟಕ್ಕೆ ಆಸರೆ, ನಿಂಬೆ ಜಾತಿಗೆ ಗ್ರೀನಿಂಗ್ ರೋಗ (ಎಲೆ ಹಳದಿಯಾಗಿ ಮರ ಸೊರಗುವ ರೋಗ) ಹರಡುವುದು ಅದೇ ಕೀಟ. ನಿಂಬೆ, ಮೋಸಂಬಿ ಇರುವವರು ದಯವಿಟ್ಟು ಕಾಮಿನಿ ಬೇಲಿ ಹಾಕಬೇಡಿ.

ಮದರಂಗಿ 1 ಅಡಿ ಆದಾಗ ತುದಿ ಚಿವುಟಿ. ಇಲ್ಲದಿದ್ದರೆ ಬುಡ ಬರಿದಾಗಿ ನಾಯಿ ನುಸುಳುವಷ್ಟು ಸಂದಿ ಉಳಿಯುತ್ತದೆ.