ಕರಿಬೇವಿನ ಚಿಗುರು ಹಳದಿ, ದೊಡ್ಡಪತ್ರೆ ಬುಡ ಕೊಳೀತಿದೆ

ಕೋಲಾರದಿಂದ: ಕುಂಡದ ಕರಿಬೇವಲ್ಲಿ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಹಳೇ ಎಲೆ ಚೆನ್ನಾಗಿವೆ. ಪಕ್ಕದ ದೊಡ್ಡಪತ್ರೆ ಬುಡದಲ್ಲಿ ಕಪ್ಪಾಗಿ ಮೆತ್ತಗಾಗಿದೆ. ದಿನಾ ಬೋರ್‌ವೆಲ್ ನೀರು ಹಾಕ್ತೀವಿ. ಏನು ಮಾಡೋದು?

ಮುಳಬಾಗಿಲಿನಿಂದ: ಕರಿಬೇವಿಗೆ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇದ್ದೇ ಇರುತ್ತೆ, ಗಡಸು ನೀರು ಅದನ್ನ ಬೇರಿಗೆ ಸಿಗದ ಹಾಗೆ ಮಾಡುತ್ತೆ. 1 ಲೀಟರ್ ನೀರಿಗೆ ಮೊದಲು ಅರ್ಧ ನಿಂಬೆಹಣ್ಣು ಹಿಂಡಿ, ಆಮೇಲೆ 3 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. 10 ದಿನ ಬಿಟ್ಟು ಇನ್ನೊಮ್ಮೆ. ನೀರು ತುಕ್ಕಿನ ಬಣ್ಣಕ್ಕೆ ತಿರುಗಿದ್ರೆ ಚೆಲ್ಲಿಬಿಡಿ, ಕೆಲಸಕ್ಕೆ ಬರಲ್ಲ. ಹಳದಿ ಕಂಡ ತಕ್ಷಣ ಎಲ್ಲರೂ ಯೂರಿಯಾ ಅಂತಾರೆ, ಇದಕ್ಕೆ ಅದು ಮದ್ದಲ್ಲ.

ಚಿಂತಾಮಣಿಯಿಂದ: ದೊಡ್ಡಪತ್ರೆಗೆ ನೀರು ಜಾಸ್ತಿಯಾಗಿದೆ, ಆ ಬುಡ ಉಳಿಯಲ್ಲ. ಚೆನ್ನಾಗಿರೋ ತುದಿ 4 ಇಂಚು ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಒಂದು ದಿನ ನೆರಳಲ್ಲಿಟ್ಟು ನೆಡಿ. ಕೆಮ್ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಸಮಸಮ. ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲಷ್ಟೇ ನೀರು.

ಕೋಲಾರದಿಂದ: ಸಿಂಪಡಿಸಿದ ಕರಿಬೇವು ಒಗ್ಗರಣೆಗೆ ಹಾಕಬಹುದಾ?

ಮುಳಬಾಗಿಲಿನಿಂದ: ಒಂದು ವಾರ ಬಿಟ್ಟು, ಚೆನ್ನಾಗಿ ತೊಳೆದು ಹಾಕಿ. ಗುಣ ಗೊತ್ತಾಗೋದು ಮುಂದಿನ ಚಿಗುರಲ್ಲಿ.