‘ಬ್ರೇಕ್ ಸ್ವಿಚ್ ಹಿಡ್ಕೊಂಡಿದೆ’: ಇಲ್ಲಿ ‘ಹಿಡಿ’ ಅಂದರೆ ಏನು?

ಸ್ನೇಹಿತರೇ, ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ನಮ್ಮ ಭಾವನ ಗ್ಯಾರೇಜ್ ಇದೆ. ಬ್ರೇಕ್ ಪೆಡಲ್ ಸ್ವಿಚ್ (ಪೆಡಲ್ ತುಳಿದಾಗ ಬ್ರೇಕ್ ಲೈಟ್ ಹತ್ತಿಸುವುದು) ಕೆಟ್ಟರೆ ಹೇಗೆ ಪತ್ತೆ ಮಾಡಬೇಕು ಅಂತ, ಅಲ್ಲಿ ಕೆಲಸ ಕಲಿಯುವ ಹುಡುಗರಿಗೆ ಒಂದು ಹಾಳೆಯಷ್ಟು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಎರಡನೇ ಸಾಲಿಗೇ ಪೆನ್ನು ನಿಂತಿತು.

ಹೋದ ವಾರ ಒಂದು ಕಾರು ಬಂದಿತ್ತು. ರಾತ್ರಿಯೆಲ್ಲ ಬ್ರೇಕ್ ಲೈಟ್ ಉರಿದು ಬೆಳಗ್ಗೆ ಬ್ಯಾಟರಿ ಪೂರ್ತಿ ಇಳಿದಿತ್ತು. ಭಾವ ಪೆಡಲ್ ಹತ್ತಿರ ತಲೆ ಹಾಕಿ, ಟಾರ್ಚ್ ಬಿಟ್ಟು ನೋಡಿ, "ಹಿಡ್ಕಂಡೈತಿ ನೋಡು" ಅಂದರು. ಅಷ್ಟಕ್ಕೇ ಹುಡುಗ ಜಾಕ್ ತಂದು ಹಿಂದಿನ ಚಕ್ರ ಎತ್ತೋಕೆ ಹೊರಟ! ಭಾವ ಹೇಳಿದ್ದು ಸ್ವಿಚ್ಚಿನ ಮಾತು, ಹುಡುಗ ತಿಳಿದಿದ್ದು ಬ್ರೇಕಿನ ಮಾತು. ಅವನ ತಪ್ಪೇನಿಲ್ಲ.

ಯಾಕಂದರೆ ‘ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ’ ಅಂದರೆ ಒಳ್ಳೆಯದು. ‘ಬ್ರೇಕ್ ಹಿಡ್ಕೊಂಡಿದೆ’ ಅಂದರೆ ಕಾಲು ತೆಗೆದರೂ ಬಿಡುತ್ತಿಲ್ಲ, ಚಕ್ರದ ಡ್ರಮ್ ಬಿಸಿಯಾಗುತ್ತದೆ, ಗಾಡಿ ಎಳೆಯುವುದಿಲ್ಲ. ಒಂದು ‘ಕೊಳ್ಳು’ ಸೇರಿದ್ದಕ್ಕೆ ಗುಣ ಹೋಗಿ ರೋಗ ಆಯಿತು. ಸೊಂಟ ಹಿಡ್ಕೊಂಡಿದೆ ಅಂತೀವಲ್ಲ, ಅದೇ ಅರ್ಥ. ನಮ್ಮ ಕಡೆ ತೆಲುಗು ಮಾತಾಡುವವರು ಸೊಂಟಕ್ಕೆ ‘ಪಟ್ಟೇಸಿಂದಿ’ ಅನ್ನುವುದೂ ಹೀಗೇ.

ಪುಸ್ತಕದ ಪದ ಹಾಕೋಣ ಅಂದರೆ ಅಲ್ಲಿ ‘ತೆರೆದ ಮಂಡಲ’, ‘ಮುಚ್ಚಿದ ಮಂಡಲ’ ಅಂತಿದೆ. ಮಂಡಲ ಅಂದರೆ ಕರೆಂಟ್ ಹರಿಯುವ ದಾರಿ, ಸರ್ಕ್ಯೂಟ್; ಅದು ಮುಚ್ಚಿದರೆ ಕರೆಂಟ್ ಹರಿಯುತ್ತದೆ, ತೆರೆದರೆ ನಿಲ್ಲುತ್ತದೆ. ತುಂಗಭದ್ರಾ ಕಾಲುವೆಯ ಗೇಟ್ ತೆರೆದರೆ ಗದ್ದೆಗೆ ನೀರು ಬರುತ್ತದೆ ಅಂತ ಈ ಹುಡುಗರು ಕಣ್ಣಾರೆ ಕಂಡಿದ್ದಾರೆ. ಅವರಿಗೆ ಹೋಗಿ ‘ತೆರೆದರೆ ಕರೆಂಟ್ ನಿಲ್ಲುತ್ತದೆ’ ಅಂದರೆ ಹೇಗೆ ತಲೆಗೆ ಹೋಗಬೇಕು?

ಜೊತೆಗೆ ಈ ಸ್ವಿಚ್ಚಿನ ಕೆಲಸವೇ ಉಲ್ಟಾ. ಕಾಲು ಇಡದಿದ್ದಾಗ ಪೆಡಲ್ ಸ್ವಿಚ್ಚಿನ ಕಡ್ಡಿಯನ್ನು ಒತ್ತಿ ಇಟ್ಟಿರುತ್ತದೆ, ಆಗ ಲೈಟ್ ಆಫ್. ಪೆಡಲ್ ತುಳಿದರೆ ಕಡ್ಡಿ ಹೊರಗೆ ಬರುತ್ತದೆ, ಲೈಟ್ ಹತ್ತುತ್ತದೆ. ಆ ಕಾರಿನಲ್ಲಿ ಕಡ್ಡಿಗೂ ಪೆಡಲಿಗೂ ನಡುವೆ ಇರುವ ಬೆರಳುಗುರಿನಷ್ಟು ಬಿರಡೆ ಬಿಸಿಲಿಗೆ ಒಣಗಿ ಪುಡಿಯಾಗಿತ್ತು. ಚೂರುಗಳು ಮ್ಯಾಟ್ ಮೇಲೆ ಬಿದ್ದಿದ್ದವು. ಬಿರಡೆ ಇದ್ದ ಪೆಡಲಿನ ತೂತಿನೊಳಗೆ ಕಡ್ಡಿ ನುಗ್ಗಿ, ಒತ್ತುವುದೇನೂ ಇಲ್ಲದೆ ಸ್ವಿಚ್ಚಿನಿಂದ ಹೊರಗೇ ನಿಂತಿತ್ತು. ಅಂದರೆ ಸ್ವಿಚ್ ಕೆಟ್ಟೇ ಇರಲಿಲ್ಲ, ಬರೀ ಬಿರಡೆ ಹಾಕಿದರೆ ಸಾಕಾಯಿತು! ಅದಕ್ಕೇ ‘ಸ್ವಿಚ್ ಹೋಗಿದೆ’ ಅಂತ ಬರೆಯೋಕೆ ನನಗೆ ಮನಸ್ಸಿಲ್ಲ. ಹಾಗೆ ಓದಿದವನು ಮೊದಲು ಹೊಸ ಸ್ವಿಚ್ ತರಿಸುತ್ತಾನೆ.

ನಾನು ಯೋಚಿಸಿರುವುದು ಹೀಗೆ. ಸ್ವಿಚ್ಚಿನೊಳಗೆ ಒಂದಕ್ಕೊಂದು ತಾಗುವ ಲೋಹದ ತುಂಡುಗಳೇ ಕಾಂಟ್ಯಾಕ್ಟ್. ಮಂಡಲ ಮುಚ್ಚಿದ್ದಕ್ಕೆ ‘ಕಾಂಟ್ಯಾಕ್ಟ್ ಹಿಡಿದಿದೆ’, ತೆರೆದದ್ದಕ್ಕೆ ‘ಕಾಂಟ್ಯಾಕ್ಟ್ ಬಿಟ್ಟಿದೆ’. ಲೈಟ್ ಆರದೇ ಇದ್ದರೆ ‘ಕಾಂಟ್ಯಾಕ್ಟ್ ಬಿಡುತ್ತಿಲ್ಲ’. ತುಳಿದರೂ ಹತ್ತದೇ ಇದ್ದರೆ, ಬಲ್ಬ್ ಮತ್ತು ಫ್ಯೂಸ್ ನೋಡಿದ ಮೇಲೆ, ‘ಕಾಂಟ್ಯಾಕ್ಟ್ ಹಿಡಿಯುತ್ತಿಲ್ಲ’. ‘ಹಿಡ್ಕೊಂಡಿದೆ’ ಅನ್ನುವುದನ್ನು ಚಕ್ರಕ್ಕೇ ಬಿಟ್ಟುಬಿಡುವುದು. ಎರಡು ಜೋಡಿ ಕಾಂಟ್ಯಾಕ್ಟ್ ಇರುವ ನಾಲ್ಕು ವೈರಿನ ಸ್ವಿಚ್ಚಿಗೂ ಇದು ಸಲೀಸು: ಒಂದು ಜೋಡಿ ಹಿಡಿದಾಗ ಇನ್ನೊಂದು ಬಿಡಬೇಕು. ಎರಡರ ಲೆಕ್ಕ ತಾಳೆಯಾಗದಿದ್ದರೆ ಇಂಜಿನ್ ಕಂಪ್ಯೂಟರ್ ಪಿ0504 ಅನ್ನುವ ದೋಷದ ಕೋಡ್ ಹಾಕುತ್ತದೆ. ಮೀಟರ್ ಇಟ್ಟು ಪೆಡಲ್ ತುಳಿಯುತ್ತಾ ಬಿಡುತ್ತಾ ‘ಹಿಡೀತು, ಬಿಡ್ತು’ ಅಂತ ಹುಡುಗರೇ ಕೂಗಬಹುದು.

ಕಷ್ಟ ಇರುವುದು ಹೊಸ ಗಾಡಿಗಳಲ್ಲಿ. ಎಷ್ಟೋ ಗಾಡಿಗಳಲ್ಲಿ ಈಗ ಈ ಸ್ವಿಚ್ಚಿನ ಬದಲು ಆಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್ ಇದೆ. ಕಾಂಟ್ಯಾಕ್ಟೇ ಇಲ್ಲದ ಮೇಲೆ ಹಿಡಿಯುವುದೇನು, ಬಿಡುವುದೇನು? ಕೆಟ್ಟಾಗಲೂ ಕೆಲವು ಸಲ ಅದು ಪೂರ್ತಿ ಸತ್ತಿರುವುದಿಲ್ಲ, ವೋಲ್ಟೇಜ್ ಕೊಡುತ್ತಲೇ ಇರುತ್ತದೆ, ಆದರೆ ತುಳಿದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಬ್ರೇಕ್ ತುಳಿದು ಬಟನ್ ಒತ್ತಿ ಸ್ಟಾರ್ಟ್ ಮಾಡುವ ಗಾಡಿಯಾದರೆ ಸ್ಟಾರ್ಟ್ ಆಗದೇ ಇರಬಹುದು. ‘ದೋಷಯುಕ್ತ ಸಂವೇದಕ’ ಅಂತ ಬರೆದರೆ ಯಾವ ಹುಡುಗನೂ ಓದುವುದಿಲ್ಲ. ‘ಸೆನ್ಸರ್ ತಪ್ಪು ತೋರಿಸುತ್ತಿದೆ’ ಅಂತ ಸದ್ಯಕ್ಕೆ ಬರೆದಿದ್ದೇನೆ, ಆದರೆ ಸೆನ್ಸರ್ ತೋರಿಸುವುದಿಲ್ಲ, ತೋರಿಸುವುದು ಮೀಟರ್, ಅಲ್ವಾ?

ರಾಯಚೂರು, ಕೊಪ್ಪಳದ ಕಡೆ ಮೆಕ್ಯಾನಿಕ್‌ಗಳು ಈ ಸ್ವಿಚ್, ಸೆನ್ಸರ್ ತೊಂದರೆಗಳಿಗೆ ಏನಂತಾರೆ? ಮೈಸೂರು, ಮಂಗಳೂರು ಕಡೆ ‘ಬ್ರೇಕ್ ಹಿಡ್ಕೊಂಡಿದೆ’ ಅಂದರೆ ಇದೇ ಅರ್ಥವೋ, ಬೇರೆಯೋ? ಗ್ಯಾರೇಜಿನಲ್ಲಿ ಕಿವಿಯಾರೆ ಕೇಳಿದ ಮಾತೇ ಇದ್ದರೆ ಇನ್ನೂ ಒಳ್ಳೆಯದು.