ಅಪ್‌ಡೇಟ್: ಗೋ ಆಟದ ರಿವ್ಯೂ ಬಗ್ಗೆ ಕೇಳಿದ್ದೆನಲ್ಲ, ದಾರಿ ಸಿಕ್ಕಿತು

ಗೋ (ಕಪ್ಪು-ಬಿಳಿ ಕಾಯಿಗಳ ಬೋರ್ಡ್ ಆಟ) ಆಡುವಾಗ ಓಪನಿಂಗ್ ಚೆನ್ನಾಗಿ ಆಡಿಯೂ ನಡುವೆ ಸೋಲುತ್ತೇನೆ, ಆಡಿದ ಆಟವನ್ನು ರಿವ್ಯೂ ಮಾಡುವುದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು "ಮೊದಲು ಕಂಪ್ಯೂಟರ್ ಮುಟ್ಟಬೇಡಿ" ಅನ್ನೋ ಸಲಹೆ. ಆಟ ಮುಗಿದ ಕೂಡಲೇ ನೆನಪಿನಿಂದಲೇ ಕಾಯಿಗಳನ್ನು ಮತ್ತೆ ಇಡುತ್ತಾ ಹೋದೆ. ಅನುಮಾನ ಬಂದ ಕಡೆಯೆಲ್ಲ, ಯಾಕೆ ಹಾಗೆ ಆಡಿದೆ ಅಂತ ಒಂದು ಸಾಲು ಬರೆದುಕೊಂಡೆ. ಆಮೇಲಷ್ಟೇ ಕಾಟಾಗೋ (ನಡೆಗಳನ್ನು ಅಳೆದು ಹೇಳುವ ಗೋ AI ಪ್ರೋಗ್ರಾಂ) ಹಾಕಿದೆ.

ಆಶ್ಚರ್ಯ ಅಂದ್ರೆ, ತಪ್ಪಿದ್ದು ಅಲ್ಲೇ ಅಂದುಕೊಂಡಿದ್ದ ಮೂಲೆಯ ಕಾದಾಟ ಹೆಚ್ಚುಕಮ್ಮಿ ಸಮವಾಗಿಯೇ ಮುಗಿದಿತ್ತು. ಅಂಕದ ಗ್ರಾಫ್ ಬಿದ್ದಿದ್ದು ಅದಾದ ಮೇಲೆ. ಎಡಬದಿಯ ನನ್ನ ಗುಂಪಿಗೆ ಆಗಲೇ ಎರಡು ಕಣ್ಣು (ಎದುರಾಳಿ ತುಂಬಲಾಗದ ಒಳಗಿನ ಖಾಲಿ ಜಾಗ) ಇದ್ದವು, ಸಾಯುವ ಮಾತೇ ಇಲ್ಲ. ಬಿಳಿ (ನನ್ನ ಎದುರಾಳಿ) ಅದರ ಪಕ್ಕ ಒಂದು ಕಾಯಿ ಇಟ್ಟಾಗ ನಾನು ಅಲ್ಲೇ ಉತ್ತರ ಕೊಟ್ಟಿದ್ದೆ. ಕಾಟಾಗೋ ತೋರಿಸಿದ್ದು ಬೋರ್ಡಿನ ಮೇಲ್ಗಡೆ, ನನ್ನದೊಂದು ಮತ್ತು ಬಿಳಿಯದೊಂದು ದುರ್ಬಲ ಗುಂಪಿನ ನಡುವಿನ ಜಾಗ. ಅಲ್ಲಿ ಯಾರು ಮೊದಲು ಇಡುತ್ತಾರೋ ಅವರ ಗುಂಪು ಗಟ್ಟಿ, ಎದುರಿನದು ಓಡಬೇಕು. ಬಿಳಿ ಅಲ್ಲಿ ಇಟ್ಟಿತು, ನಾನು ಕೊನೆಯವರೆಗೂ ಓಡುತ್ತಲೇ ಇದ್ದೆ. ನನ್ನ ಸಾಲುಗಳಲ್ಲಿ "ಭಯಕ್ಕೆ ಉತ್ತರಿಸಿದೆ" ಅನ್ನೋದೇ ಜಾಸ್ತಿ ಇತ್ತು. ಈ ಕಾರಣವನ್ನು ಯಾವ ಸಾಫ್ಟ್‌ವೇರೂ ಹೇಳುವುದಿಲ್ಲ ಅಲ್ವಾ?

ಉಪಯೋಗಕ್ಕೆ ಬಾರದ್ದು: ಓಪನಿಂಗ್‌ನಲ್ಲಿ ಅರ್ಧ ಅಂಕದ ವ್ಯತ್ಯಾಸ ಹುಡುಕುತ್ತಾ ಕೂರುವುದು. ನಮ್ಮ ಮಟ್ಟಕ್ಕೆ ಅದು ಸುಮ್ನೆ ಸಮಯ ಹಾಳು. ಜೋಸೆಕಿ (ಮೂಲೆಯಲ್ಲಿ ಆಡುವ ಸಿದ್ಧ ನಡೆಗಳ ಸರಣಿ) ಬಾಯಿಪಾಠದಲ್ಲೂ ಒಂದೇ ವಿಷಯ ಉಳಿಯಿತು: ಎದುರಾಳಿ ನಮ್ಮ ಮೂಲೆಯ 3-3ಕ್ಕೆ (ಎರಡೂ ಅಂಚಿನಿಂದ ಮೂರನೇ ಗೆರೆ ಸೇರುವ ಬಿಂದು) ನುಗ್ಗಿದರೆ, ನಮ್ಮ ಕಾಯಿಗಳಿರುವ ಬದಿಗೆ ಗೋಡೆ ಬೆಳೆಯುವಂತೆ ತಡೆಯಬೇಕು.

ಕಾಟ್ರೇನ್ (ಕಾಟಾಗೋ ಬಳಸಿ ಆಟ ರಿವ್ಯೂ ಮಾಡುವ ಪ್ರೋಗ್ರಾಂ) ಬಳಸುವವರು ಸೆಟ್ಟಿಂಗ್‌ನಲ್ಲಿ, ಅಂಕ ಕಳೆದ ನಡೆಗಳ ಮೇಲೆ ಬರುವ ಚುಕ್ಕೆಗಳಲ್ಲಿ ಸಣ್ಣ ನಷ್ಟದವನ್ನು ಆಫ್ ಮಾಡಿ, ದೊಡ್ಡವನ್ನಷ್ಟೇ ನೋಡಿ.